ಅಡುಗೆಮನೆಗೆ ಬೀಟೆ ಬಣ್ಣ

ಅಡುಗೆಮನೆಯ ಕಪಾಟಿನ ಬಾಗಿಲು ನಮ್ಮ ಅತ್ತೆಯ ಹಣೆಗೆ ಬಡಿದದ್ದು ಅದು ಎರಡನೇ ಸಲ. ಮೊದಲ ಸಲ ತಪ್ಪು ಬಾಗಿಲಿನದಾಗಿತ್ತು, ಈ ಸಲ ನನ್ನದಾಯಿತು.

"ತೆಗ್ದ್ ಬಾಗ್ಲ್ ಹಾಕುಕ್ ಎಂತ, ಕೈ ಸೋತ್ ಹೋತ್ತಾ ನಿಂಗೆ?" ಎಂದು ಹಣೆ ಉಜ್ಜಿಕೊಳ್ಳುತ್ತ ಬೈದರು.

ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ. "ಅಷ್ಟ್ ದೊಡ್ಡ ಬಾಗ್ಲ್ ನಿಮ್ಗ್ ಕಾಂತಿಲ್ಯಾ ಅತ್ತೆ?" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ಕುಂದಾಪುರದ ಕಣ್ಣಿನ ಡಾಕ್ಟರು ಹೇಳಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಮಗ ಕೇಳಿದರೂ ನಾನು ಕೇಳಿದರೂ ಅತ್ತೆಯ ಉತ್ತರ ಒಂದೇ, "ನಂಗ್ ಎಲ್ಲ ಕಾಣತ್ತ್."

ಮರುದಿನದಿಂದ ಅವರು ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು. "ಇನ್ ನೀನೇ ಮಾಡ್. ನಂಗ್ ಸಾಕಾಯ್ತ್" ಎಂದು ಜಗಲಿಯ ಕುರ್ಚಿ ಹಿಡಿದರು. ತಲ್ಲೂರಿನ ನಮ್ಮ ಕೇರಿಯ ಹೆಂಗಸರೆಲ್ಲ ನನ್ನ ಅದೃಷ್ಟವನ್ನು ಹೊಗಳಿದ್ದೇ ಹೊಗಳಿದ್ದು. ಅತ್ತೆಯಾದವಳು ತಾನಾಗಿ ಒಲೆ ಬಿಟ್ಟುಕೊಡುವುದೆಂದರೆ ಸಣ್ಣ ಮಾತೇ! ಆದರೆ ಆ ಅದೃಷ್ಟ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾಗಿ ಬಂದ ದಿನದಿಂದ ನಾವಿಬ್ಬರೂ ಆ ಅಡುಗೆಮನೆಯಲ್ಲಿ ಕಾಯಿ ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ಜಗಳವಾಡುತ್ತಲೇ ಸಾರು ಕುದಿಸಿದವರು. ಈಗ ಒಗ್ಗರಣೆ ಸೀದರೂ ಹೇಳುವವರಿಲ್ಲ. ನನಗೆ ನನ್ನ ಅತ್ತೆ ಅಡುಗೆಮನೆಗೆ ವಾಪಸು ಬೇಕಾಗಿತ್ತು.

ದಾರಿ ಹೊಳೆದದ್ದು ಹೊಲಿಗೆ ಯಂತ್ರದ ಮುಂದೆ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಬಿಳಿ ದಾರವನ್ನು ಸೂಜಿಗೆ ಪೋಣಿಸುವಾಗ ಹಿಂದುಗಡೆ ಒಂದು ಕಪ್ಪು ಬಟ್ಟೆಯ ತುಂಡು ಹಿಡಿದರೆ ದಾರದ ತುದಿ ಸರಿಯಾಗಿ ಕಾಣುತ್ತದೆ. ನನಗೂ ಚಾಳೀಸು ಬಂದ ಮೇಲೆ ಕಲಿತ ಉಪಾಯ ಅದು. ಅವತ್ತು ದಾರ ಪೋಣಿಸುತ್ತಿದ್ದವಳು ತಟ್ಟನೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಗೋಡೆ ಕೆನೆಯ ಬಣ್ಣ. ಅತ್ತೆಯೇ ಆಚಾರಿಯನ್ನು ಕೂರಿಸಿ ಮಾಡಿಸಿದ ಹಲಸಿನ ಮರದ ಕಪಾಟು, ಪಡುವಣ ಕಿಟಕಿಯ ಬಿಸಿಲು ಮತ್ತು ಒಲೆಯ ಹಬೆ ತಿಂದು ತಿಂದು, ಅದೂ ಹೆಚ್ಚುಕಡಿಮೆ ಅದೇ ಬಣ್ಣ. ಕಣ್ಣನ್ನು ಅರ್ಧ ಮುಚ್ಚಿ ನೋಡಿದೆ. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಸುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಕಪಾಟಿಗೆ ಕಡು ಬಣ್ಣ ಹಚ್ಚಿದರೆ ಅತ್ತೆಗೆ ಕಂಡೀತು ಎನಿಸಿತು.

ನನ್ನ ಗಂಡ ಆಯುಷ್ಯದ ಅರ್ಧವನ್ನು ಮುಂಬೈ ಹೋಟೆಲಿನ ಗಲ್ಲಾದ ಹಿಂದೆ ಕಳೆದು ಊರಿಗೆ ಬಂದವರು. ಬರುವಾಗ "ಚಲ್ತಾ ಹೈ" ಎಂಬ ಎರಡು ಶಬ್ದವನ್ನೂ ಕಟ್ಟಿಕೊಂಡು ಬಂದಿದ್ದಾರೆ. ಮನೆಯ ಮಾಡು ಸೋರಿದರೂ ಚಲ್ತಾ ಹೈ, ಮಜ್ಜಿಗೆ ಹುಳಿಯಾದರೂ ಚಲ್ತಾ ಹೈ. ನನ್ನ ಯೋಚನೆ ಕೇಳಿದ ಮೇಲೆ ಮಾತ್ರ, "ಪಾಲಿಶಿನವ್ರಿಗ್ ಹೇಳ್ವ. ಇದ್ ನಿನ್ ಕೈಯಗೆ ಆಪು ಕೆಲ್ಸ ಅಲ್ಲ" ಎಂದರು. ಆ ಮಾತೊಂದೇ ಸಾಕಿತ್ತು ನನಗೆ, ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಅಲ್ಲದೆ ಹೊರಗಿನವರು ಬಂದರೆ ಅತ್ತೆ ಅವರ ಬಾಯಿಂದ ಕಾರಣ ಹೊರಡಿಸದೆ ಬಿಡುವವರಲ್ಲ. ತನ್ನ ಕಣ್ಣಿಗಾಗಿ ಇಷ್ಟೆಲ್ಲ ಎಂದು ಗೊತ್ತಾದರೆ ಆಮೇಲೆ ಜಗಲಿಯನ್ನೂ ಬಿಟ್ಟು ಕೋಣೆ ಸೇರುತ್ತಿದ್ದರು.

ಕುಂದಾಪುರದ ಬಣ್ಣದ ಅಂಗಡಿಯಲ್ಲಿ "ವಾಲ್ನಟ್ಟಾ, ಮಹಾಗನಿಯಾ, ರೋಸ್‌ವುಡ್ಡಾ ಅಕ್ಕ?" ಎಂದು ಕೇಳಿದರು. "ಬೀಟೆ ಮರದ ಬಣ್ಣ ಕೊಡಿ" ಎಂದೆ. ರೋಸ್‌ವುಡ್ ಎಂದರೆ ಅದೇ ಅಂತೆ. ಒಂದು ಡಬ್ಬಿ ಬಣ್ಣ, ಒಂದು ಡಬ್ಬಿ ವಾರ್ನಿಶ್, ಕುಂಚ, ಮರ ಉಜ್ಜಲು ಒಂದು ಸುರುಳಿ ಉಪ್ಪುಕಾಗದ ಹಿಡಿದು ಬಸ್ಸು ಹತ್ತಿದೆ. ಮನೆಯಲ್ಲಿ ಅತ್ತೆಗೆ, "ಕಪಾಟ್ ಹಳ್ತಾಯ್ತಲೆ, ಚಂದಕ್ಕೆ ಒಂಚೂರ್ ಬಣ್ಣ ಹಚ್ಚುದ್" ಎಂದೆ.

"ಚಂದ ಕಂಡ್ ಅನ್ನ ಬೇಯತ್ತಾ?" ಎಂದರು ಅತ್ತೆ.

ಕಪಾಟು ಖಾಲಿ ಮಾಡಿದ್ದೇ ದೊಡ್ಡ ಸಂಸಾರ. ಡಬ್ಬಿ, ಭರಣಿ, ಬಾಟಲಿಗಳೆಲ್ಲ ಜಗಲಿಗೆ ಬಂದು ಅತ್ತೆಯ ಸುತ್ತ ಕುಳಿತವು. ಅವರು ಒಂದೊಂದನ್ನೇ ಮುಚ್ಚಳ ತೆಗೆದು ಮೂಸಿ, "ಇದ್ ಮೆಂತಿ. ಇದ್ ಕೊತ್ತಂಬ್ರಿ, ಹುಳ ಹಿಡುಕ್ ಸುರು ಆಯ್ತ್. ಇದೆಂತ ಮಾರಾಯ್ತಿ, ಹೋದ್ ವರ್ಷದ್ ಹಪ್ಪಳ!" ಎಂದು ನನ್ನ ಗೃಹಕೃತ್ಯದ ಬಂಡವಾಳವನ್ನೆಲ್ಲ ಬೀದಿಗೆ ಕೇಳುವ ಹಾಗೆ ಬಿಚ್ಚಿಟ್ಟರು. ನಮ್ಮ ಮೂವರ ಊಟಕ್ಕೆ ಹಿತ್ತಿಲ ಒಲೆಯಲ್ಲಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಗಂಡ ತಟ್ಟೆ ನೋಡಿ ಏನೋ ಹೇಳಲು ಹೊರಟರು. "ಚಲ್ತಾ ಹೈ" ಎಂದು ನಾನೇ ಮುಗಿಸಿದೆ.

ಬಾಗಿಲುಗಳನ್ನು ಬಿಚ್ಚಿ ಅಂಗಳದಲ್ಲಿ ಸಾಲಾಗಿ ಇಟ್ಟು, ಬಿಸಿನೀರು ಸೋಪಿನಲ್ಲಿ ಜಿಡ್ಡು ತೊಳೆದು, ಒಣಗಿದ ಮೇಲೆ ಉಜ್ಜಲು ಕುಳಿತೆ. ಹಳೆಯ ವಾರ್ನಿಶ್ ಹೋಗದೆ ಹೊಸ ಬಣ್ಣ ಮರದೊಳಗೆ ಇಳಿಯುವುದಿಲ್ಲ ಎಂದು ಮೊಬೈಲಿನಲ್ಲಿ ನೋಡಿದ್ದೆ. ಮರದ ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಆ ವಿಡಿಯೋದ ಹೆಂಗಸು ಹಾಡು ಹಾಕಿಕೊಂಡು ನಗುನಗುತ್ತ ಉಜ್ಜಿದ್ದಳು. ನನಗೆ ಎರಡನೇ ಬಾಗಿಲಿಗೇ ತೋಳು ಬಿದ್ದುಹೋಯಿತು, ಮೂಗು ಕೂದಲೆಲ್ಲ ಹಳದಿ ಹುಡಿ. ಆದರೆ ಹುಡಿಯ ಕೆಳಗಿಂದ ಹಲಸಿನ ಹಸಿ ಬಣ್ಣ ಎದ್ದುಬಂದಾಗ ಖುಷಿಯಾಗದೆ ಇರಲಿಲ್ಲ.

ಬಣ್ಣ ಹಚ್ಚಿ, ಹಳೆಯ ಬನಿಯನ್ನಿನಲ್ಲಿ ಒರೆಸಿದೆ. ಬಾಗಿಲು ಒಳ್ಳೆ ಹದವಾಗಿ ಕಪ್ಪಾಯಿತು. ಹಿಡಿಯ ಸುತ್ತ ಮಾತ್ರ ಅಂಗೈಯಗಲದ ಜಾಗ ಬಣ್ಣವನ್ನು ಕುಡಿಯಲೇ ಇಲ್ಲ. ಮತ್ತೆ ಉಜ್ಜಿದೆ, ಮತ್ತೆ ಹಚ್ಚಿದೆ, ಮತ್ತೆ ಬಿಳಿಚಿಕೊಂಡಿತು. ಒಂದರಲ್ಲಲ್ಲ, ಎಲ್ಲ ಬಾಗಿಲಿನಲ್ಲೂ ಹಾಗೇ. ಸಿಟ್ಟು ನೆತ್ತಿಗೇರಿ ಕುಂಚವನ್ನು ಅಂಗಳಕ್ಕೆ ಎಸೆದೆ. ಗಂಡ ಬಂದು ಬಗ್ಗಿ ನೋಡಿ ನಕ್ಕರು. "ಇದ್ ಅಮ್ಮನ್ ಕೈ. ಕಾಯಿ ತುರ್ದ್, ತೆಂಗಿನೆಣ್ಣಿ ಕೈಯಗೇ ಬಾಗ್ಲ್ ತೆಗ್ದ್ ತೆಗ್ದ್, ಎಣ್ಣಿ ಮರದ್ ಒಳ್ಗ್ ಹೋಯ್ತ್. ನೀ ಎಷ್ಟ್ ಉಜ್ಜಿರೂ ಅಷ್ಟೇ. ಬಿಡ್ ಮಾರಾಯ್ತಿ, ಚಲ್ತಾ ಹೈ." ಆ ಎರಡು ಶಬ್ದ ನನಗೆ ಸರಿ ಎನಿಸಿದ್ದು ಅದೇ ಮೊದಲು. ಎಸೆದ ಕುಂಚವನ್ನು ನಾನೇ ಹೋಗಿ ಹೆಕ್ಕಿಕೊಂಡು ಬಂದೆ.

ನಮ್ಮ ಕಡಲ ಗಾಳಿಗೆ ಏನೂ ಬೇಗ ಒಣಗುವುದಿಲ್ಲ. ಮುಟ್ಟಿದರೆ ಅಂಟು, ಮುಟ್ಟದೆ ಇರಲು ನನಗೆ ತಾಳ್ಮೆಯಿಲ್ಲ. ಅಂತೂ ಬಣ್ಣ ಆರಿ, ವಾರ್ನಿಶ್ ಆರಿ, ಬಾಗಿಲುಗಳು ಸ್ವಸ್ಥಾನ ಸೇರಿದವು. ಕೆನೆಯ ಗೋಡೆಯ ಮೇಲೆ ಕಪ್ಪು ಕಪಾಟು, ಪ್ರತಿ ಹಿಡಿಯ ಸುತ್ತ ಒಂದು ಬಿಳಿಚಿದ ಗುರುತು. ಡಬ್ಬಿ ಜೋಡಿಸಿಯಾದ ಮೇಲೆ "ಅತ್ತೆ, ಒಂದ್ ಸಲ ಬಂದ್ ಕಾಣಿ" ಎಂದು ಕರೆದೆ.

ಬಂದರು. ಬಾಗಿಲಲ್ಲಿ ನಿಂತರು. ಗೋಡೆ ಹಿಡಿದು ಬರುವುದು ಅವರಿಗೆ ಅಭ್ಯಾಸವಾಗಿತ್ತು, ಈಗ ಗೋಡೆಯಿಂದ ಕೈ ತೆಗೆದರು. ನಾನು ಬೇಕೆಂದೇ ಒಂದು ಬಾಗಿಲು ತೆರೆದಿಟ್ಟಿದ್ದೆ. ಅದರ ಹತ್ತಿರ ಬಂದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಟಪ್ಪೆಂದು ಮುಚ್ಚಿದರು. "ಬಾಗ್ಲ್ ಹಾಕುದ್ ಈ ಜನ್ಮದಗೆ ಕಲಿತಿಲ್ಲ ನೀನ್" ಎಂದರು. ಆಮೇಲೆ ಹಿಡಿಯ ಹತ್ತಿರ ಬಗ್ಗಿ, "ಇಲ್ಲ್ ಎಂತಕ್ ಬಣ್ಣ ಕೂತಿಲ್ಲ? ಯಾವ್ ಕೆಲ್ಸವೂ ಪೂರ್ತಿ ಮಾಡ್ ಗೊತ್ತಿಲ್ಲ" ಎಂದು ಇನ್ನೊಂದು ಏಟು ಕೊಟ್ಟರು. ಬೈಗುಳ ಕೇಳಿ ಅಷ್ಟು ಸಂತೋಷವಾದದ್ದು ನನಗೆ ನೆನಪಿಲ್ಲ. ಅವರ ಕೈ ನೇರ ಹೋಗಿ ಹಿಡಿ ಎಳೆದು ಮೆಣಸಿನ ಡಬ್ಬಿ ತೆಗೆಯಿತು. ಅವತ್ತಿನ ಸಾರಿಗೆ ಕಾಯಿ ಹೆಚ್ಚಾಗಿತ್ತು, ನಾನು ಹೇಳಿದೆ, ಜಗಳವೂ ಆಯಿತು.

ಆದರೆ ಗೆದ್ದವರು ಅತ್ತೆ. "ಕಂಡ್ಯಾ? ನನ್ ಕಣ್ಣಿಗ್ ಎಂತ ಆಯ್ತ್? ಎಲ್ಲ ಕಾಣತ್ತ್!" ಎಂದು ಮಗನಿಗೆ ಸಾರಿದರು. ಗಂಡ ನನ್ನ ಕಿವಿಯಲ್ಲಿ, "ಲಾಯ್ಕ್ ಮಾಡ್ದೆ. ಇನ್ ಆ ಆಪರೇಷನ್ ಈ ಜನ್ಮದಗಿಲ್ಲ" ಎಂದರು. ನಾನು ಪೆಚ್ಚಾದೆ. ಅವರನ್ನು ಅಡುಗೆಮನೆಗೆ ತರುವ ಭರದಲ್ಲಿ ಈ ಕಡೆ ಯೋಚಿಸಿಯೇ ಇರಲಿಲ್ಲ.

ಆಗ ರವಿಕೆ ತೆಗೆದುಕೊಂಡು ಹೋಗಲು ಪಕ್ಕದ ಮನೆಯಾಕೆ ಬಂದಳು. ಕಪಾಟು ನೋಡಬೇಕೆಂದು ಒಳಗೆ ಬಂದವಳು ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ಗಂಡನೂ ಅಷ್ಟು ದಿನ ತಡೆದಿಟ್ಟಿದ್ದ ನಗುವನ್ನು ಬಿಟ್ಟರು. ಬೆವರು ಒರೆಸುವಾಗ ಯಾವಾಗಲೋ ಬಣ್ಣದ ಬೆರಳು ತಾಗಿ ನನ್ನ ಮೂಗಿನ ತುದಿ ಬೀಟೆಯಾಗಿತ್ತು. ಎಷ್ಟು ತೊಳೆದರೂ ಹೋಗಿರಲಿಲ್ಲ, ನಾನು ಮರೆತೇಬಿಟ್ಟಿದ್ದೆ. "ಸಿಟ್ಟ್ ಇಪ್ಪುದ್ ಎಲ್ಲಿ ಅಂದ್ ಗುರ್ತ ಮಾಡ್ಕಂಡಿದ್ಲ್" ಎಂದು ಗಂಡ ಇನ್ನಷ್ಟು ನಕ್ಕರು. ನನಗೂ ನಗು ತಡೆಯಲಿಲ್ಲ.

ಅತ್ತೆ ಸೌಟು ಹಿಡಿದು ನಮ್ಮ ಮೂವರ ಕಡೆ ತಿರುತಿರುಗಿ ನೋಡಿದರು. "ಎಂತಕ್ ನೆಗಾಡುದ್? ನಂಗೂ ಹೇಳಿ."

"ನಿಮ್ ಸೊಸಿ ಮೂಗ್ ಕಾಣಿ!" ಎಂದಳು ಪಕ್ಕದ ಮನೆಯಾಕೆ.

ಅತ್ತೆ ಹತ್ತಿರ ಬಂದರು. ಸೌಟು ಕೆಳಗಿಟ್ಟು, ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ತಮ್ಮ ಮುಖವನ್ನು ಗೇಣಿನಷ್ಟು ದೂರಕ್ಕೆ ತಂದು, ಹುಬ್ಬು ಗಂಟಿಕ್ಕಿ ನೋಡಿದರು, ಮತ್ತೆ ನೋಡಿದರು. ನಮ್ಮ ನಗು ಒಂದೊಂದಾಗಿ ನಿಂತಿತು. ಅವರ ಬೆರಳಿನ ಕಾಯಿ ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು.

"ಕಪಾಟ್ ಕಾಣತ್ತ್. ಇವ್ಳ್ ಮುಖ ಕಾಂತಿಲ್ಲ" ಎಂದರು ಮೆಲ್ಲಗೆ. ನನ್ನ ಕಣ್ಣು ತುಂಬಿ ಬಂತು. ಅದೂ ಅವರಿಗೆ ಕಾಣಲಿಲ್ಲ.

ಗಲ್ಲ ಬಿಡದೆಯೇ ಮಗನ ಕಡೆ ತಿರುಗಿದರು. "ಹ್ವಾಯ್, ಆ ಡಾಕ್ಟ್ರಿಗ್ ಫೋನ್ ಮಾಡ್. ಯಾವತ್ ಬರ್ಕ್ ಅಂದ್ ಕೇಣ್. ಅಲ್ಲಿವರಿಗ್ ಇವ್ಳ್ ಮುಖ ತೊಳುಕ್ ಆಗ, ಆ ಮೂಗ್ ನಾನೂ ಕಾಣ್ಕ್."