ಡಬ್ಬಿ ಗಜ್ಜರಿಯ ಕಟ್ಟು

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಜೂರಿನಿಂದ ಒಬ್ಬಳೇ ಬಸ್ಸು ಹತ್ತಿ ಗಜೇಂದ್ರಗಡಕ್ಕೋ ನರಗುಂದಕ್ಕೋ ಹೋಗಿಬರುತ್ತಿದ್ದವಳು ಬೋರ್ಡು ಕಾಣದೆ ಮನೆಯಲ್ಲಿ ಉಳಿದಳು. ಎಲ್ಲಿಗೆ ಹೋಗುವುದಾದರೂ ಸೊಸೆ ಜೊತೆಗೆ ಬರಬೇಕು, ಸೊಸೆಗೆ ಬಿಡುವಿರಬೇಕು. ಆಪರೇಷನ್ ಆಗಿ ಮತ್ತೆ ಒಬ್ಬಳೇ ತಿರುಗಾಡುವಂತಾಗಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ರೋಣದ ಕಣ್ಣಿನ ಡಾಕ್ಟರು ಬಿ.ಪಿ. ಇಳಿಯುವವರೆಗೆ ಆಪರೇಷನ್ ಇಲ್ಲ ಎಂದರು. ಗುಳಿಗೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು.

ಗಜ್ಜರಿ, ಅಂದರೆ ಕ್ಯಾರೆಟ್, ತಿಂದರೆ ಕಣ್ಣು ಚುರುಕಾಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ತಾನೇ ಹೇಳಿದ್ದು ಎಂದು ಈಗ ಯಾರೂ ಒಪ್ಪುವುದಿಲ್ಲ. ನಮ್ಮಲ್ಲಿ ಗಜ್ಜರಿ ರೊಟ್ಟಿಯ ಪಕ್ಕದಲ್ಲಿ ಹಸಿಯಾಗಿಯೇ ಇರುತ್ತದೆ, ಮೂಲಂಗಿ, ಉಳ್ಳಾಗಡ್ಡಿಯ ಜೊತೆ. ಕಡಿದು ತಿನ್ನಬೇಕು. ಅತ್ತೆಯ ದವಡೆ ಹಲ್ಲುಗಳು ಬಿದ್ದಿದ್ದವು. ಸೊಸೆಯ ತಮ್ಮ ಗೋವಾದ ಹೋಟೆಲೊಂದರಲ್ಲಿ ಅಡುಗೆಯವನು. ಬೇಯಿಸಿ ನೀರಿನಲ್ಲಿ ಮುಚ್ಚಿಟ್ಟ ಗಜ್ಜರಿಯ ಡಬ್ಬಿಗಳನ್ನು ತಂದುಕೊಟ್ಟ. ಡಬ್ಬಿಯ ಮೇಲಿನ ಚೀಟಿ ನೀಲಿ ಎಂದು ನನ್ನ ನೆನಪು, ಹಸಿರು ಎಂದು ಸೊಸೆಯದು. ನೆನಪು ಬಣ್ಣವನ್ನು ಎಲ್ಲಿಂದಾದರೂ ತಂದುಕೊಳ್ಳುತ್ತದೆ. ಬಣ್ಣವನ್ನು ಬಿಡುತ್ತೇನೆ.

"ಹಲ್ಲಿಲ್ಲದವರ ಸಲುವಾಗಿನ ಮಾಡ್ಯಾರ ನೋಡ ತಮ್ಮಾ, ಪುಣ್ಯಾತ್ಮರು," ಎಂದಳು ಅತ್ತೆ.

ಮುಂದಿನ ಸಲ ರೋಣಕ್ಕೆ ನಾನೇ ಕರೆದೊಯ್ದೆ. ಬಿ.ಪಿ. ಮೊದಲಿಗಿಂತ ಹೆಚ್ಚಾಗಿತ್ತು. ಆಪರೇಷನ್ ಮತ್ತೆ ಮುಂದೆ ಹೋಯಿತು. ಮನೆಗೆ ಬಂದವಳೇ ಅತ್ತೆ ಕಂಬಕ್ಕೆ ಒರಗಿ ಕೂತು ಸೊಸೆಯನ್ನು ಕೇಳಿದಳು.

"ನನ್ನ ಮನ್ಯಾಗ ಕಟ್ಟಿ ಹಾಕಾಕ ಗುಳಿಗಿ ಬದಲಿ ಮಾಡೀಯೇನ?"

"ನೀವು ಹೊರಗ ಹೋದ್ರ ನನಗ ಆರಾಮರಿ ಅತ್ತಿ," ಎಂದಳು ಸೊಸೆ. "ನಾನ್ಯಾಕ ಕಟ್ಟಿ ಹಾಕ್ಲಿ?"

ಅಂದು ನಾನು ಅಲ್ಲೇ ಊಟ ಮಾಡಿದೆ. ಬಡಿಸಿದ ಸಾರಿನಲ್ಲಿ ಉಪ್ಪು ಎದ್ದು ಕಾಣುತ್ತಿತ್ತು. ಹಾಗೆಂದೆ.

"ಇದು ಅತ್ತಿ ಸಾರರಿ ಅಣ್ಣಾರ. ಇದಕ್ಕ ಉಪ್ಪ ಮುಟ್ಟಿಸಿಲ್ಲ."

"ಮತ್ತೇನ ಹಾಕೀದಿ?"

"ಬ್ಯಾಳಿ, ಹುಣಸಿ, ಡಬ್ಬಿ ಕಟ್ಟು."

ಹೋಳಿಗೆಗೆ ಬೇಳೆ ಬೇಯಿಸಿದ ನೀರನ್ನು ಇಲ್ಲಿ ಯಾರೂ ಚೆಲ್ಲುವುದಿಲ್ಲ. ಅದು ಕಟ್ಟು, ಅದರಿಂದ ಸಾರು ಆಗುತ್ತದೆ. ಡಬ್ಬಿಯ ನೀರನ್ನೂ ಅವಳು ಹಾಗೆಯೇ ಬಸಿದುಕೊಂಡು ದಿನಾ ಸಾರು ಮಾಡಿದ್ದಳು. ಗಜ್ಜರಿ ಬೆಂದ ನೀರು, ಸತ್ವವೆಲ್ಲ ಅದರಲ್ಲೇ ಎಂದು. ಆದರೆ ಅದು ಕಾರ್ಖಾನೆಯಲ್ಲೇ ಉಪ್ಪು ಬೆರೆಸಿ ತುಂಬಿದ ನೀರು.

"ಉಪ್ಪಿಲ್ಲದ ಸಾರಿಗಿ ಇಷ್ಟ ರುಚಿ ಹ್ಯಾಂಗ ಬಂತಂತ ನಾನೂ ವಿಚಾರ ಮಾಡ್ತಿದ್ದೆ," ಎಂದಳು ಅತ್ತೆ. "ಸೊಸಿ ಕೈ ಕಡೀಕೂ ಪಳಗಿತು ಅನ್ಕೊಂಡಿದ್ದೆ."

ಸೊಸೆ ನಗಲಿಲ್ಲ. ಅಥವಾ ನಕ್ಕಳು, ನಾನು ನೋಡಲಿಲ್ಲ.

ಮತ್ತೆ ಅತ್ತೆಯನ್ನು ಕರೆದೊಯ್ದಾಗ ಡಾಕ್ಟರಿಗೆ ಇದನ್ನು ಹೇಳಿ, ಹಸಿಯದು ಒಳ್ಳೆಯದೋ ಡಬ್ಬಿಯದೋ ಎಂದು ಕೇಳಿದೆ. ಅವರ ಉತ್ತರ ನಾನು ಎಣಿಸಿದಷ್ಟು ನೇರವಾಗಿರಲಿಲ್ಲ. ಗಜ್ಜರಿಗೆ ಬಣ್ಣ ಕೊಡುವ ಅಂಶವೇ ಮೈಯಲ್ಲಿ ಎ ವಿಟಮಿನ್ ಆಗುತ್ತದೆ. ಅದು ಡಬ್ಬಿಯಲ್ಲೂ ಬಹುಪಾಲು ಉಳಿಯುತ್ತದೆ. ಬೆಂದು ಮೆತ್ತಗಾದದ್ದರಿಂದ ಹಸಿಯದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಸಿ ವಿಟಮಿನ್ ಮಾತ್ರ ಕಾವಿಗೆ ಕಡಿಮೆಯಾಗಿ, ಒಂದಿಷ್ಟು ನೀರಿಗೂ ಇಳಿಯುತ್ತದೆ. ತೊಂದರೆ ಉಪ್ಪಿನದು. ನೀರು ಚೆಲ್ಲಿ ಹೋಳುಗಳನ್ನು ತೊಳೆದರೆ ಅದೂ ಸ್ವಲ್ಪ ತಗ್ಗುತ್ತದೆ.

"ಹಸೀದ ತಿನ್ರಿ, ಡಬ್ಬೀದ ತಿನ್ರಿ," ಎಂದು ಅತ್ತೆಯ ಕಡೆ ತಿರುಗಿದರು. "ಮೋತಿಬಿಂದಿನ ಪೊರಿ ಅದರಿಂದ ಕರಗೂದಿಲ್ಲ."

"ಮೊದಲ ಹೇಳಿದ್ರ ಗಜ್ಜರಿ ಬಿಟ್ಟ ಒಂದೀಟ ಬದನಿಕಾಯಿ ತಿಂತಿದ್ನೆಲ್ರಿ," ಎಂದಳು.

ಆಮೇಲೆ ಸೊಸೆ ಸಂತೆಯ ಗಜ್ಜರಿಯನ್ನು ಹೆರೆದು, ಉಪ್ಪಿಲ್ಲದೆ ಬೇಯಿಸಿ ಕೊಡತೊಡಗಿದಳು. ಬಿ.ಪಿ. ಇಳಿಯಿತು. ಕಟ್ಟು ನಿಂತಿದ್ದಕ್ಕೋ, ಡಾಕ್ಟರು ಗುಳಿಗೆ ಹೆಚ್ಚಿಸಿದ್ದಕ್ಕೋ. ಒಂದೇ ಕಾರಣ ಕೊಟ್ಟರೆ ಬರೆಯಲು ಅನುಕೂಲ, ಆದರೆ ನನಗೆ ಗೊತ್ತಿಲ್ಲ. ಒಂದು ಕಣ್ಣಿನ ಆಪರೇಷನ್ ಆಯಿತು, ಕೆಲವು ತಿಂಗಳ ನಂತರ ಇನ್ನೊಂದರದು.

ಕಳೆದ ಸಲ ರಾಜೂರಿಗೆ ಹೋದಾಗ ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಅತ್ತೆ ಎಲ್ಲಿ ಎಂದು ಕೇಳಿದೆ.

"ಮುಂಜಾನಿ ಹ್ವಾದ್ರು. ಎಲ್ಲಿಗಿ ಅಂತ ಕೇಳಿದ್ರ, ಬಂದಮ್ಯಾಲ ಹೇಳ್ತೀನಿ ಅಂದ್ರು."