ಮೇಷ್ಟ್ರು ಒಪ್ಪಿದ ಒಂದು ಪದ

ಮಳವಳ್ಳಿ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರೂ ನಾನೂ ಎರಡು ವರ್ಷ, ಶನಿವಾರ ಶನಿವಾರ, ಮದ್ದೂರು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಒಂದು ಸ್ಪ್ಯಾನಿಷ್ ಪುಸ್ತಕವನ್ನು ಇಂಗ್ಲಿಷಿಗೆ ತರುತ್ತಿದ್ದೆವು. ನಾನು ಮಂಡ್ಯದಿಂದ ರೈಲಿನಲ್ಲಿ, ನಿವೃತ್ತರಾಗಿದ್ದ ಅವರು ಮಳವಳ್ಳಿಯಿಂದ ಬಸ್ಸಿನಲ್ಲಿ. ಒಂದು ಕಾಫಿ ಕುಡಿದು ಹೋಟೆಲಿನಲ್ಲಿ ಮೂರು ಗಂಟೆ ಕೂರುವುದಕ್ಕೆ ಅವರಿಗೆ ಸಂಕೋಚ.

ಸ್ಪ್ಯಾನಿಷ್ ನನ್ನ ಪಾಲು. ಯಂತ್ರಗಳ ಕೈಪಿಡಿ ಅನುವಾದಿಸುವ ಕೆಲಸಕ್ಕೆಂದು ಕಲಿತದ್ದು. ಇಂಗ್ಲಿಷ್ ಅವರ ಪಾಲು. ಪುಸ್ತಕ ಬರೆದಾಕೆ ಅರ್ಜೆಂಟೀನಾದ ಮನೋವಿಶ್ಲೇಷಕಿ. ತನ್ನ ಬಳಿ ಬಂದವರ ಸಂಕಟಕ್ಕೆ ಇದ್ದ ಪದಗಳು ಸಾಲದೆ ತಾನೇ ಹೊಸದಾಗಿ ಕಟ್ಟುತ್ತಿದ್ದಳು. ಯಾವ ನಿಘಂಟಿನಲ್ಲೂ ಅವು ಸಿಗುತ್ತಿರಲಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ‘ಅವೆಕಾನ್ಸ’. ಟೊಳ್ಳು ಮಾಡುವುದು ಎಂಬ ಕ್ರಿಯಾಪದಕ್ಕೆ ಭರವಸೆ ಎಂಬ ಮಾತಿನ ಕೊನೆಯನ್ನು ಅಂಟಿಸಿದ ಪದ. ಗಂಡ ಸತ್ತು ಎಷ್ಟೋ ವರ್ಷವಾದರೂ ಒಬ್ಬಾಕೆ ಮಂಚದ ಒಂದೇ ಮಗ್ಗುಲಲ್ಲಿ ಮಲಗುತ್ತಾಳೆ, ಇನ್ನೊಂದು ಮಗ್ಗುಲಿಗೆ ಹೊದಿಕೆಯ ಅಂಚೂ ಸೋಕಲು ಬಿಡುವುದಿಲ್ಲ. ಆ ಕೆಲಸದ ಹೆಸರು ಅದು.

ಟೊಳ್ಳಿಗೆ ಇಂಗ್ಲಿಷಿನ ‘ಹಾಲೋ’ ಹಿಡಿದು ನಾನು ‘ಹಾಲೋಯಿಂಗ್’ ಎಂದೆ.

“ಅದು ಮರ ಕೊರೆಯುವವನ ಕೆಲಸ. ಈಕೆ ಕೊರೆಯುತ್ತಿಲ್ಲ, ಜಾಗ ಕಾಯುತ್ತಿದ್ದಾಳೆ,” ಎಂದರು ಮೇಷ್ಟ್ರು. ಮನೆಯಲ್ಲೂ ಅವರು ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು. ನನ್ನ ಬಾಯಲ್ಲಿ ‘ಹ’ಕಾರ ಜಾರಿದರೆ ಮಾತು ನಿಲ್ಲಿಸಿ ತಿದ್ದುತ್ತಿದ್ದರು.

ಆ ಪದ ಬಾಕಿ ಇರುವಾಗಲೇ ಒಂದು ಶನಿವಾರ ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಗೆ ಸೇರಿದ್ದರೆಂದು ಸಂಜೆ ತಿಳಿಯಿತು. ಅವರು ಮನೆಗೆ ಬಂದ ಮೇಲೆ ನೋಡಲು ಹೋದೆ. ಅವರ ಹೆಂಡತಿ ಬಾಗಿಲಲ್ಲೇ ತಡೆದು ಹೇಳಿದರು: “ಇಂಗ್ಲೀಸೆಲ್ಲ ಒಂಟೋಯ್ತು ಕಣಮ್ಮ. ಚಿಕ್ಕುಡ್ಗ ಆಗಿದ್ದಾಗ ಅವ್ರೂರಲ್ಲಿ ಆಡ್ತಿದ್ದ ಮಾತು ಮಾತ್ರ ಉಳ್ಕಂಡದೆ. ನೀನು ಅಳಬ್ಯಾಡ, ಅವ್ರ್ ಮುಂದೆ.”

ಮೇಷ್ಟ್ರು ನನ್ನನ್ನು ಗುರುತಿಸಿದರು. “ಬಾವ್ವ, ಕುಂತ್ಕೊ,” ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲೇ ಇಲ್ಲ.

ನಾನು ಚೀಲದಿಂದ ಹಾಳೆ ತೆಗೆದೆ. ಮಂಚದ ಒಂದೇ ಮಗ್ಗುಲಲ್ಲಿ ಮಲಗುವ ಹೆಂಗಸಿನ ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿ, ಆಮೇಲೆ ನಾನು ಗೀಚಿಟ್ಟುಕೊಂಡಿದ್ದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಓದಿದೆ.

“ಎಂಪ್ಟಿಕೀಪಿಂಗ್.”

ಬೇಡವೆಂದು ತಲೆ ಅಲ್ಲಾಡಿಸಿದರು. “ಊಂಊಂ.”

“ಹಾಲೋಹೋಪ್.”

“ಬುಡು ಅದ.” ಮುಖದಲ್ಲಿ ಹಳೆಯ ಸಿಡುಕು. ಅದು ಸುಳ್ಳು ಭರವಸೆ ಎಂದಾಗುತ್ತದೆ ಎಂಬುದು ನನಗೂ ಆಗ ಹೊಳೆಯಿತು. ಹೇಳಲು ಬಾರದಿದ್ದರೂ ಯಾವುದು ಸಲ್ಲದು ಎಂದು ಅವರಿಗೆ ಗೊತ್ತಿತ್ತು.

ಇನ್ನೂ ನಾಲ್ಕೈದು ಹೋದವು. ಕೊನೆಗೆ, ಟೊಳ್ಳಿಗೆ ಅವರೇ ಹೇಳಿದ್ದ ‘ಕಾಯುವುದ’ನ್ನು ಸೇರಿಸಿ, ಅಳುಕುತ್ತಲೇ, “ಹಾಲೋಕೀಪ್” ಎಂದೆ.

ಮೇಷ್ಟ್ರು ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು. “ಆಲೋಕೀಪು,” ಎಂದರು, ‘ಹ’ಕಾರ ಬಿಟ್ಟು. “ಅದು ಇರ್ಲಿ ಕಣವ್ವ.”

ನಾನು ತಿದ್ದಲಿಲ್ಲ.

ಪದ ಬದಲಿಸಬಹುದೇ ಎಂದು ಪ್ರಕಾಶಕರು ಕೇಳಿದಾಗ, ಜೊತೆಗಾರರು ಒಪ್ಪಿದ್ದಾರೆ, ಸಾಧ್ಯವಿಲ್ಲ ಎಂದು ಬರೆದೆ. ಪುಸ್ತಕ ಬಂದ ದಿನ ಮಳವಳ್ಳಿಗೆ ಒಯ್ದೆ. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, “ಯಾರ್ದವ್ವ ಇದು?” ಎಂದರು.

“ನಮ್ದೇ ಸಾರ್.”

“ಚೆನ್ನಾಗದೆ,” ಎಂದು ದಿಂಬಿನ ಪಕ್ಕ ಇಟ್ಟುಕೊಂಡರು.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ರಾಗಿ, ಮಳೆ, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಇಂಥದ್ದೇ ಮಾತು. ಅವರು ಹಿಂದೆಂದಿಗಿಂತ ಹೆಚ್ಚು ನಗುತ್ತಾರೆ. ನನಗೆ ಮಾತ್ರ ನಡುವೆ ತಡೆದು ತಿದ್ದುತ್ತಿದ್ದ ಆ ಗಡುಸು ದನಿ ಬೇಕೆನಿಸುತ್ತದೆ. ಕೆಲವೊಮ್ಮೆ ಬೇಕೆಂದೇ ತಪ್ಪು ಮಾತಾಡಿ ಅವರ ಮುಖ ನೋಡುತ್ತೇನೆ.