ಗೋಲಿಗೆ ಉರುಳಿದ ಡೋಲು

ಟ್ರುಡಾ ಪಿಕಾಳ ಮುತ್ತಜ್ಜ ಫ್ರಾನ್ಸೆಕ್, ಗಣಿ ಕುಸಿದಾಗ ಮೂರು ದಿನ ಕಬ್ಬಿಣದ ಕೊಳವೆಯ ಮೇಲೆ ತಾಳ ಬಡಿದು, ತಾವಿರುವ ಜಾಗ ಮೇಲಿನವರಿಗೆ ತಿಳಿಸಿ ಒಂಬತ್ತು ಜೀವ ಉಳಿಸಿದವನು. ಮೇಲೆ ಬಂದವನೇ ಗಣಿ ಬ್ಯಾಂಡಿನ ದೊಡ್ಡ ಡೋಲನ್ನು ಕೊರಳಿಗೆ ಹಾಕಿಕೊಂಡ. ಅಜ್ಜ ವಿಲಿಮ್ ತನ್ನ ಮದುವೆಯ ಮೆರವಣಿಗೆಗೆ ತಾನೇ ಅದನ್ನು ಬಡಿದವನು, ಪರರ ಕೈಗೆ ಕೊಟ್ಟರೆ ತಾಳ ಕೆಟ್ಟೀತೆಂದು. ಅಪ್ಪ ಯೋರ್ಗ್ ನಮ್ಮ ಫುಟ್‌ಬಾಲ್ ತಂಡದ ಗೋಲಿ, ಅಂದರೆ ಗೋಲ್‌ಕೀಪರ್. ಅರ್ಧ ಆಟ ಗೋಲು ಕಾಯ್ದು, ವಿರಾಮದಲ್ಲಿ ಕೈಗವಸನ್ನೂ ಬಿಚ್ಚದೆ ಡೋಲು ಬಡಿದು, ಮತ್ತೆ ಓಡಿ ಕಂಬಗಳ ನಡುವೆ ನಿಲ್ಲುತ್ತಿದ್ದವನು. ಅಂಥ ಬಳ್ಳಿಯ ಕಾಯಿ ಟ್ರುಡಾ.

ಗಣಿಯೂರು ಬಿತೊಮ್‌ನ ನಮ್ಮ ಬ್ಯಾಂಡಿಗೆ ಒಂದು ಕಟ್ಟಳೆಯಿದೆ. ಗಣಿಗಾರರನ್ನು ಕಾಯುವ ಸಂತ ಬಾರ್ಬರಾಳ ಹಬ್ಬದಂದು ಚರ್ಚಿನಿಂದ ಆಟದ ಬಯಲಿಗೆ ಮೆರವಣಿಗೆ. ದಾರಿಯಲ್ಲಿ ಡೋಲನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಹೊತ್ತವರು ಬಿಟ್ಟುಕೊಟ್ಟು ಅಥವಾ ಬೀಳಿಸಿ, ಇನ್ನೊಬ್ಬರ ಕೈ ಅದಕ್ಕೆ ತಾಗಿತೋ, ಮುಂದಿನ ಹಬ್ಬದವರೆಗೆ ಡೋಲು ಆ ಕೈಯದು. ಇಪ್ಪತ್ತೆರಡು ವರ್ಷ ಟ್ರುಡಾ ಯಾರ ಕೈಯನ್ನೂ ತಾಗಗೊಟ್ಟಿರಲಿಲ್ಲ. ಎಪ್ಪತ್ತೊಂದನೆಯ ವಯಸ್ಸಿಗೆ ಅವಳ ಮಂಡಿ ಮುಷ್ಕರ ಹೂಡಿತು. ಆ ವರ್ಷದ ಮೆರವಣಿಗೆಯಲ್ಲಿ ಚಿಕ್ಕ ಡೋಲಿನ ಗೆರಾರ್ಡ್ ಹಾಲಿನ ಮಡಕೆ ಕಂಡ ಬೆಕ್ಕಿನಂತೆ ಪಕ್ಕದಲ್ಲೇ ನಡೆದ.

"ಅಕ್ಕಾ, ಒಸಿ ಹೊತ್ತು ನಾನ್ ಹೊತ್ಕೋತೀನಿ."

"ನಿನ್ ಹೊಟ್ಟೇನೇ ಹೊರೋಕಾಗ್ದೆ ಏದುಸ್ರು ಬಿಡ್ತಾ ಇದೀಯ. ಮುಂದೆ ನಡಿ!"

ಇಳಿಜಾರಿನ ತಿರುವಿನಲ್ಲಿ ಮಂಜುಗಟ್ಟಿತ್ತು. ಟ್ರುಡಾ ಜಾರಿದಳು, ಪಟ್ಟಿ ಹರಿಯಿತು, ಡೋಲು ಉರುಳಿತು. ಕಲ್ಲುಕಲ್ಲಿಗೂ ಢಂ, ಢಂ!

"ಯಾರಾದ್ರೂ ಮುಟ್ಟೀರಾ, ಹುಷಾರ್!" ಬಿದ್ದಲ್ಲಿಂದಲೇ ಕೂಗಿದಳು ಟ್ರುಡಾ.

ಯಾರು ಮುಟ್ಟುತ್ತಾರೆ? ವರ್ಷವಿಡೀ ಆ ಭಾರ ಹೊರಬೇಕಾದೀತೆಂದು ದಾರಿಬದಿಯ ಜನ ತಿನ್ನುತ್ತಿದ್ದ ಹಬ್ಬದ ಸಾಸೇಜು ಎತ್ತಿ ಹಿಡಿದು ಹಾರಿ ಹಾರಿ ದಾರಿ ಬಿಟ್ಟರು. ಡೋಲಿನ ಹಿಂದೆ ನಡೆಯುವುದೇ ಬ್ಯಾಂಡಿನ ಅಭ್ಯಾಸ. ಡೋಲು ಓಡಿತು, ತಾಳ ಓಡಿತು, ಮೂವತ್ತು ಜನ ಕೆಂಪು ಗರಿಯ ಟೊಪ್ಪಿ ಒತ್ತಿ ಹಿಡಿದು ಊದುತ್ತಲೇ ಓಡಿದೆವು. ಸಂತಳ ಕೀರ್ತನೆ ಕುದುರೆ ಓಟವಾಯಿತು.

ಬಯಲಿನ ಬಾಗಿಲು ತೆರೆದಿತ್ತು, ಆಟ ನಡೆದಿತ್ತು. ಎದುರಾಳಿ ಗೋಲಿ ನೋಡಿದ, ಶಿಲುಬೆಯ ಗುರುತು ಹಾಕಿಕೊಂಡ, ಪಕ್ಕಕ್ಕೆ ಹಾರಿದ. ಡೋಲು ಬಲೆಗೆ ಬಿತ್ತು.

"ಗೋ...ಲ್!" ಎಂದು ಊರೇ ಕೂಗಿತು.

ಗೆರಾರ್ಡ್ ಮೊದಲು ತಲುಪಿದ. ಟ್ರುಡಾ ಕುಂಟುತ್ತ ಇನ್ನೂ ಮೂವತ್ತು ಹೆಜ್ಜೆ ಹಿಂದೆ. ಅವನು ಎರಡೂ ಕೈ ಚಾಚಿದ. ಆಗ ಪ್ರೇಕ್ಷಕರ ಮೆಟ್ಟಿಲುಗಳ ಮೇಲಿಂದ ಸಾವಿರ ಗಂಟಲು ಒಟ್ಟಿಗೆ ಅರಚಿದವು: "ಹ್ಯಾಂಡ್‌ಬಾಲ್!"

ಚೆಂಡಿಗೆ ಕೈ ತಾಗಿದರೆ ತಪ್ಪೆಂಬ ಭಯದಲ್ಲೇ ಇಪ್ಪತ್ತು ವರ್ಷ ಇದೇ ಬಯಲಲ್ಲಿ ಬ್ಯಾಕ್ ಆಡಿದವನು ಗೆರಾರ್ಡ್. ಅವನ ಕೈಗಳು ಅವನನ್ನು ಕೇಳದೆಯೇ ಬೆನ್ನ ಹಿಂದೆ ಹೋದವು. "ನಾನ್ ಮುಟ್ಲಿಲ್ಲ ರೆಫ್ರಿ, ಅಮ್ಮನಾಣೆ ಮುಟ್ಲಿಲ್ಲ!" ಎಂದು ಅವನು ಗೋಗರೆಯುವಷ್ಟರಲ್ಲಿ ಟ್ರುಡಾ ಬಲೆಯೊಳಗೆ ಹೊಕ್ಕು ಡೋಲನ್ನು ತಬ್ಬಿಕೊಂಡಾಗಿತ್ತು.

ಅವಳು ಒಂಟಿಗಾಲಲ್ಲೇ ಎದ್ದು ನಿಂತಳು. ಗೆರಾರ್ಡನಿಗೂ ನಗು ತಡೆಯಲಾಗಲಿಲ್ಲ. "ಪಟ್ಟಿ ಹರಿದೋಗೈತೆ ಅಕ್ಕಾ. ಡೋಲ್ ಬ್ಯಾಡ, ನಿಮ್ಮನ್ನಾದ್ರೂ ಹಿಡ್ಕೊಳ್ಳಾ?"

ಟ್ರುಡಾ ಗೋಲುಕಂಬಕ್ಕೆ ಬೆನ್ನು ಕೊಟ್ಟು, ಡೋಲನ್ನು ಹೊಟ್ಟೆಗಾನಿಸಿ, ಕೋಲೆತ್ತಿದಳು.

"ಈ ಕಂಬ ನಮ್ಮಪ್ಪನ್ನ ಹಿಡ್ಕೊಂಡಿತ್ತು, ನನ್ನೂ ಹಿಡ್ಕೊಳ್ತದೆ. ನೀನ್ ಹೋಗಿ ನಿನ್ ಚಿಕ್ಕ ಡೋಲ್ ಹಿಡ್ಕೊ, ತಾಳ ತಪ್ಪಬ್ಯಾಡ!"